ಟಾರ್ಚ್ ಐದು ನಿಮಿಷಕ್ಕೆ ಮಂಕಾಗುತ್ತದೆ: ಎಲ್‌ಇಡಿ ಬದಲಿಸಬೇಕೋ, ಒಳಗಿನ ಜೋಡಣೆಯನ್ನೋ?

ತಿರುಪುಮುಚ್ಚಳ (ಪ್ರಶ್ನೆ):
ಒಂದು 18650 (ಮರುಚಾರ್ಜ್ ಆಗುವ ಲಿಥಿಯಂ-ಅಯಾನ್) ಸೆಲ್ ಹಾಕುವ ಅಲ್ಯೂಮಿನಿಯಂ ಟಾರ್ಚ್. 5 ಮಿ.ಮೀ. ಚದರದ ಎಲ್‌ಇಡಿ, ನುಣುಪಾದ ರಿಫ್ಲೆಕ್ಟರ್, ಹಿಂದೆ ಕ್ಲಿಕ್ ಸ್ವಿಚ್. ಹೈ ಮೋಡ್‌ನಲ್ಲಿ, ಅಂದರೆ ಪೂರ್ತಿ ಬೆಳಕಿನಲ್ಲಿ, ಇಟ್ಟರೆ ಐದಾರು ನಿಮಿಷದಲ್ಲಿ ಬೆಳಕು ಎದ್ದು ಕಾಣುವಷ್ಟು ಇಳಿಯುತ್ತದೆ. ಆರಿಸಿ, ತಣ್ಣಗಾದ ಮೇಲೆ ಹಾಕಿದರೆ ಮತ್ತೆ ಮೊದಲಿನಷ್ಟೇ. ಆಗಲೂ ಸೆಲ್ 3.9 ವೋಲ್ಟ್ ತೋರಿಸುತ್ತದೆ. ತಲೆಭಾಗ ಮುಟ್ಟಿದರೆ ಉಗುರುಬೆಚ್ಚಗೆ, ಅಷ್ಟೇ. ಬೆಳಕಿನ ಛಾಯೆ ನೀಲಿ. ಕೆಂಪು ವೈರು ಯಾವುದು, ಕಂದು ಯಾವುದು ಎಂದು ಗೊತ್ತಾಗುವುದಿಲ್ಲ. ಗೋಡೆಗೆ ಬಿಟ್ಟರೆ ನಟ್ಟನಡುವೆ ಒಂದು ಕಪ್ಪು ಮಚ್ಚೆ.

ಬಳಕೆ ಹೆಚ್ಚಾಗಿ ಕೈಯಳತೆ ದೂರದ ಕೆಲಸಕ್ಕೆ: ವೈರಿಂಗ್, ಯಂತ್ರದ ಒಳಭಾಗ. ಬಿಸಿ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಅರ, ಡ್ರಿಲ್ ಇವೆ. ಇನ್ನೂ ಹೆಚ್ಚು ಪವರಿನ ಎಲ್‌ಇಡಿ ಹಾಕಿದರೆ ಸಾಕೇ?

ತಾಮ್ರದಬಿಲ್ಲೆ:
ಸಾಲದು. ಹೆಚ್ಚು ಪವರಿನ ಎಲ್‌ಇಡಿ ಹಾಕಿದರೆ ಈಗ ಐದು ನಿಮಿಷಕ್ಕೆ ಆಗುವುದು ಮೂರಕ್ಕೇ ಆಗುತ್ತದೆ. ತಲೆಭಾಗ ಬರೀ ಉಗುರುಬೆಚ್ಚಗಿದೆ ಎಂದಿರಲ್ಲ, ರೋಗ ಅಲ್ಲೇ ಇದೆ. ಹೈನಲ್ಲಿ 3 ಆಂಪಿಯರ್ ಹರಿದರೆ ಎಲ್‌ಇಡಿ ಸುಮಾರು 10 ವ್ಯಾಟ್ ತಿನ್ನುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿಯೇ ಹೊರಬೀಳಬೇಕು. ಆ ಬಿಸಿ ಮೈಗೆ ಬಂದಿದ್ದರೆ ಟಾರ್ಚ್ ಹಿಡಿಯಲು ಕಷ್ಟವಾಗಬೇಕಿತ್ತು. ಬಂದಿಲ್ಲ ಎಂದರೆ ಎಲ್‌ಇಡಿಯ ಬುಡದಲ್ಲೇ ಸಿಕ್ಕಿಕೊಂಡಿದೆ. ಎಲ್‌ಇಡಿ ಬಿಸಿಯಾದಷ್ಟೂ ಅದೇ ಕರೆಂಟಿಗೆ ಕಡಿಮೆ ಬೆಳಕು ಕೊಡುತ್ತದೆ, ತಣ್ಣಗಾದರೆ ಮೊದಲಿನಂತಾಗುತ್ತದೆ. ನೀವು ನೋಡುತ್ತಿರುವುದು ಇದನ್ನೇ.

ಮುಂದಿನ ರಿಂಗ್ ಬಿಚ್ಚಿ, ರಿಫ್ಲೆಕ್ಟರ್ ತೆಗೆದು ಎಲ್‌ಇಡಿ ಬೋರ್ಡು ಎಲ್ಲಿ ಕೂತಿದೆ ನೋಡಿ. ರಿಫ್ಲೆಕ್ಟರಿನ ಒಳಮೈಗೆ ಬೆರಳು ತಾಗಿಸಬೇಡಿ, ಬಟ್ಟೆಯಿಂದ ಒರೆಸಲೂ ಬೇಡಿ. ಮೇಲಿರುವುದು ಅತಿ ತೆಳು ಅಲ್ಯೂಮಿನಿಯಂ ಲೇಪ, ಗೀರು ಬಿದ್ದರೆ ಹೋಗುವುದಿಲ್ಲ. ಹಾಗೆಯೇ ಹಿಂದಿನ ಮುಚ್ಚಳ ತೆಗೆದು, ಮೀಟರನ್ನು 10 ಆಂಪಿಯರ್ ರೇಂಜಿಗೆ ಹಾಕಿ, ಒಂದು ಪ್ರೋಬ್ ಸೆಲ್ಲಿನ ಮೈನಸ್ ತುದಿಗೆ, ಇನ್ನೊಂದು ಕೊಳವೆಯ ಬಣ್ಣವಿಲ್ಲದ ಅಂಚಿಗೆ ಒತ್ತಿ ಹಿಡಿಯಿರಿ. ಓದಿದ್ದನ್ನು ಇಲ್ಲಿ ಹೇಳಿ. ಅಳೆದಾದ ಮೇಲೆ ಪ್ರೋಬನ್ನು 10 ಆಂಪಿಯರ್ ತೂತಿನಿಂದ ತೆಗೆಯಲು ಮರೆಯಬೇಡಿ. ಅದೇ ತೂತಿನಲ್ಲಿಟ್ಟು ಸೆಲ್ಲಿನ ವೋಲ್ಟೇಜ್ ನೋಡಲು ಹೋದರೆ ಅದು ನೇರ ಶಾರ್ಟ್.

ತಿರುಪುಮುಚ್ಚಳ:
2.75 ಆಂಪಿಯರ್ ಬಂತು. ಬೋರ್ಡು ಕೂತಿರುವ ಪಿಲ್ (ತಲೆಭಾಗದೊಳಗಿನ ಲೋಹದ ಬಟ್ಟಲು) ಅಲ್ಯೂಮಿನಿಯಮ್ಮಿನದು, ಆದರೆ ಟೊಳ್ಳು. ಬೋರ್ಡಿನ ಅಂಚು ಸುಮಾರು 1.5 ಮಿ.ಮೀ. ಅಗಲದ ದಂಡೆಯ ಮೇಲೆ ಮಾತ್ರ ನಿಂತಿದೆ, ನಡುವೆ ಗಾಳಿ. ಬಿಸಿ ದಾಟಿಸುವ ಪೇಸ್ಟ್ ಇದ್ದಿದ್ದು ಒಂದು ಬದಿಗೆ ಚೂರೇ ಚೂರು. ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಬೋರ್ಡು) ಮೇಲೆ 7135 ಎಂದು ಬರೆದಿರುವ ಎಂಟು ಚಿಪ್ ಇವೆ, ಕಾಯಿಲ್ ಇಲ್ಲ.

ತಾಮ್ರದಬಿಲ್ಲೆ:
ಊಹಿಸಿದ ಹಾಗೇ ಇದೆ. ಗಾಳಿಯ ಉಷ್ಣವಾಹಕತೆ 0.025 ವ್ಯಾಟ್/ಮೀಟರ್-ಕೆಲ್ವಿನ್ ಆಸುಪಾಸು, ಅಲ್ಯೂಮಿನಿಯಂ ಮಿಶ್ರಲೋಹದ್ದು 150ರಿಂದ 200, ತಾಮ್ರದ್ದು 400ರ ಹತ್ತಿರ. ಬಿಸಿ ಹುಟ್ಟುವುದು ಬೋರ್ಡಿನ ನಡುಮಧ್ಯದಲ್ಲಿ, ಅದರ ಕೆಳಗೇ ಗಾಳಿ.

ಟೊಳ್ಳಿಗೆ 2ರಿಂದ 3 ಮಿ.ಮೀ. ದಪ್ಪದ ತಾಮ್ರದ ಬಿಲ್ಲೆ ಕೂರಿಸಿ. ಮೊದಲು ಡ್ರೈವರ್ ಕಡೆಯಿಂದ ಆಳ ಅಳೆಯಿರಿ: ಬಿಲ್ಲೆ ಕೂತ ಮೇಲೆ ಡ್ರೈವರಿನ ಅತಿ ಎತ್ತರದ ಬಿಡಿಭಾಗಕ್ಕೂ ಅದಕ್ಕೂ ನಡುವೆ ಕನಿಷ್ಠ 1 ಮಿ.ಮೀ. ಉಳಿಯಬೇಕು. ತಗಡನ್ನು ತುಸು ದೊಡ್ಡದಾಗಿ ಕತ್ತರಿಸಿ, ನಡುವೆ 3 ಮಿ.ಮೀ. ತೂತು ಹೊಡೆದು ಬೋಲ್ಟಿಗೆ ಬಿಗಿದು, ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತಾ ಅರ ಹಿಡಿಯಿರಿ. ತಣ್ಣಗಿರುವಾಗ ಪಿಲ್ ಒಳಗೆ ಹೋಗೀ ಹೋಗದಂತೆ ಇದ್ದಾಗ ನಿಲ್ಲಿಸಿ. ಡ್ರೈವರ್ ತೆಗೆದ ಪಿಲ್ ಅನ್ನು ಕೋಣೆಯ ಬಿಸಿಗಿಂತ ನೂರು ಡಿಗ್ರಿ ಮೇಲಕ್ಕೆ ಕಾಯಿಸಿದರೆ 17 ಮಿ.ಮೀ. ವ್ಯಾಸ 0.04 ಮಿ.ಮೀ.ನಷ್ಟು ಹಿಗ್ಗುತ್ತದೆ. ಬಿಲ್ಲೆಯ ಅಂಚಿಗೆ ತೆಳುವಾಗಿ ಪೇಸ್ಟ್ ಸವರಿ ಆಗ ಒತ್ತಿದರೆ ಕಚ್ಚಿಕೊಂಡು ಕೂರುತ್ತದೆ. ಬಿಲ್ಲೆ ದಂಡೆಯ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಲಿ. ಆಮೇಲೆ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, 240ರಲ್ಲಿ ಶುರುಮಾಡಿ 600ರಲ್ಲಿ ಮುಗಿಸಿ. ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ.

ವೈರಿಗೆ 2.5 ಮಿ.ಮೀ.ನ ಎರಡು ತೂತು ಬೇಕು. ತೂತಿನ ಅಂಚನ್ನು ದೊಡ್ಡ ಬಿಟ್‌ನಿಂದ ಕೈಯಲ್ಲೇ ತಿರುವಿ ಮೊಂಡು ಮಾಡಿ, ವೈರಿಗೆ ಸಿಲಿಕೋನ್ ತೋಳು ಹಾಕಿ. ಚೂಪು ಅಂಚು ವೈರಿನ ಹೊದಿಕೆ ಕೊಯ್ದರೆ ಪ್ಲಸ್ ನೇರವಾಗಿ ಮೈಗೆ ಸೇರುತ್ತದೆ.

ಎಲ್‌ಇಡಿಗೆ ಬಂದರೆ, 16 ಮಿ.ಮೀ.ನ ತಾಮ್ರದ ಡಿಟಿಪಿ ಬೋರ್ಡು ತೆಗೆದುಕೊಳ್ಳಿ. ಎಲ್‌ಇಡಿಯ ನಡುವಿನ ಪ್ಯಾಡ್ ನೇರವಾಗಿ ತಾಮ್ರಕ್ಕೇ ಬೆಸೆದುಕೊಳ್ಳುವ ಬೋರ್ಡು ಅದು. ಸಾಮಾನ್ಯ ಅಲ್ಯೂಮಿನಿಯಂ ಬೋರ್ಡಿನಲ್ಲಿ ನಡುವೆ ಒಂದು ನಿರೋಧಕ ಪದರ ಬಿಸಿಯನ್ನು ತಡೆಯುತ್ತದೆ. ಹತ್ತಿರದ ಕೆಲಸಕ್ಕೆ 4000ರಿಂದ 5000 ಕೆಲ್ವಿನ್ ಛಾಯೆ, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕ) 90ಕ್ಕಿಂತ ಮೇಲಿನದು. ನಿಚಿಯಾ 519ಎ ಅಥವಾ ಸ್ಯಾಮ್‌ಸಂಗ್ ಎಲ್‌ಎಚ್351ಡಿಯ 90 ಸಿಆರ್‌ಐ ಮಾದರಿ ಸರಿಹೊಂದುತ್ತವೆ. ಲ್ಯೂಮೆನ್ ಸ್ವಲ್ಪ ಕಡಿಮೆ ಬರುತ್ತದೆ, ಆದರೆ ಕೆಂಪು ಕೆಂಪಾಗಿ, ಕಂದು ಕಂದಾಗಿ ಕಾಣುತ್ತದೆ. ನಿಮ್ಮ ಕೆಲಸಕ್ಕೆ ಬೇಕಾಗಿರುವುದು ಅದೇ.

ಬೆಸೆಯುವಾಗ ಪ್ಯಾಡ್‌ಗಳಿಗೆ 63/37 ಸೀಸದ ಸೋಲ್ಡರ್ ತೆಳುವಾಗಿ ಹಚ್ಚಿ, ಫ್ಲಕ್ಸ್ ಬಿಟ್ಟು, ಎಲ್‌ಇಡಿ ಇಟ್ಟು, ಬೋರ್ಡನ್ನು ಕೆಳಗಿನಿಂದ ಕಾಯಿಸಿ. 183 ಡಿಗ್ರಿಗೆ ಸೋಲ್ಡರ್ ಕರಗುತ್ತಲೇ ಎಲ್‌ಇಡಿ ತಾನೇ ಸರಿದು ಜಾಗಕ್ಕೆ ಕೂರುವುದು ಕಾಣುತ್ತದೆ. ಚಿಮುಟದ ತುದಿಯಿಂದ ಪಕ್ಕಕ್ಕೆ ಒಂಚೂರು ತಳ್ಳಿ ಬಿಡಿ. ವಾಪಸು ಬಂದರೆ ಮೂರೂ ಪ್ಯಾಡ್ ಕರಗಿವೆ ಎಂದರ್ಥ. ಮೇಲಿನ ಗುಮ್ಮಟವನ್ನು ಒತ್ತಬೇಡಿ, ಅದು ಮೆದು ಸಿಲಿಕೋನ್, ಕಿತ್ತು ಬರುತ್ತದೆ. ಬೋರ್ಡಿನ ಬೆನ್ನಿಗೆ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು.

ಬೋರ್ಡು ಅಂಟಿಸಲು ಸೂಪರ್‌ಗ್ಲೂ ಮಾತ್ರ ಬೇಡವೇ ಬೇಡ. ಅದರ ಆವಿ ಗಾಜಿನ ಮೇಲೂ ರಿಫ್ಲೆಕ್ಟರ್ ಮೇಲೂ ಬಿಳಿ ಮಂಜಾಗಿ ಕೂರುತ್ತದೆ.

ಓಮ್‌ಲೆಕ್ಕ:
ಬಿಲ್ಲೆ ಹಾಕೋದು ಸರಿ. ಜೊತೆಗೆ ಕರೆಂಟೂ ಇಳಿಸಿ, ಇಲ್ಲದಿದ್ದರೆ ಕೈಯಲ್ಲಿ ಹಿಡಿಯೋಕೆ ಆಗಲ್ಲ. ಒಂದೊಂದು 7135 ಚಿಪ್ 350 ಮಿಲಿಆಂಪಿಯರ್ ಬಿಡುತ್ತೆ, ಎಂಟಕ್ಕೆ 2.8 ಆಂಪಿಯರ್, ನಿಮ್ಮ ಮೀಟರ್ ತೋರಿಸಿದ್ದೂ ಅದನ್ನೇ. ನಾಲ್ಕು ಚಿಪ್ ಬಿಡಿಸಿದರೆ 1.4. ಬೆಳಕು ಅರ್ಧವಾಗುತ್ತೆ ಅಂತ ಹೆದರಬೇಡಿ. ಕರೆಂಟ್ ಏರಿದಷ್ಟೂ ಎಲ್‌ಇಡಿಯ ದಕ್ಷತೆ ಬೀಳೋದರಿಂದ ಅರ್ಧ ಕರೆಂಟಿಗೆ ಅರ್ಧಕ್ಕಿಂತ ಜಾಸ್ತಿ ಬೆಳಕೇ ಸಿಗುತ್ತೆ, ಕೈಯಳತೆ ದೂರದಲ್ಲಿ ಕಣ್ಣಿಗೆ ಆ ವ್ಯತ್ಯಾಸ ದೊಡ್ಡದೂ ಅನ್ನಿಸಲ್ಲ. 3000 ಮಿಲಿಆಂಪಿಯರ್-ಗಂಟೆಯ ಸೆಲ್ ಒಂದು ಗಂಟೆ ಬದಲು ಎರಡು ಗಂಟೆ ಬರುತ್ತೆ.

ಚಿಪ್ ಪೂರ್ತಿ ಕೀಳೋ ಕಷ್ಟ ಬೇಡ. ಮೂರು ಕಾಲುಗಳಲ್ಲಿ ಎಲ್‌ಇಡಿಯ ಮೈನಸ್ ವೈರಿಗೆ ಮೀಟರಿನಲ್ಲಿ ಬೀಪ್ ಬರೋ (ಅಂದರೆ ನೇರ ಸೇರಿರೋ) ಕಾಲು ಹುಡುಕಿ, ಅದನ್ನು ಮಾತ್ರ ಕಾಯಿಸಿ ಸೂಜಿಯಿಂದ ಎತ್ತಿಬಿಡಿ. ಎತ್ತಿದ ಕಾಲು ಪಕ್ಕದ್ದಕ್ಕೆ ತಾಗದ ಹಾಗೆ ಕ್ಯಾಪ್ಟಾನ್ ಟೇಪಿನ (ಬಿಸಿ ತಡೆದುಕೊಳ್ಳೋ ನಿರೋಧಕ ಟೇಪು) ತುಂಡು ಇಡಿ. ಮುಂದೆ ಬೇಕು ಅನ್ನಿಸಿದರೆ ವಾಪಸು ಬೆಸೆಯಬಹುದು.

ಮಿಣುಕು, ಎಸ್‌ಒಎಸ್ ಥರದ ಮೋಡ್‌ಗಳು ನಿಮ್ಮ ಟಾರ್ಚಿನಲ್ಲಿದ್ದು ಅವು ಬೇಡ ಅಂದರೆ ಚಿಪ್ ಎತ್ತಿ ಪ್ರಯೋಜನ ಇಲ್ಲ. ಮೋಡ್‌ಗಳು ಡ್ರೈವರಿನ ಮೈಕ್ರೋಕಂಟ್ರೋಲರಿನಲ್ಲಿ ಇರುತ್ತವೆ. ಕೆಲವು ಬೋರ್ಡಿನಲ್ಲಿ ಅಂಚಿನ ಹತ್ತಿರ ನಕ್ಷತ್ರದ ಗುರುತಿನ ಪ್ಯಾಡ್‌ಗಳಿರುತ್ತವೆ, ಅವನ್ನು ಗ್ರೌಂಡ್ ರಿಂಗಿಗೆ ಸೋಲ್ಡರ್ ಹನಿಯಿಂದ ಸೇರಿಸಿದರೆ ಮೋಡ್ ಗುಂಪು ಬದಲಾಗುತ್ತೆ. ಅದಿಲ್ಲದಿದ್ದರೆ ಅದೇ 17 ಮಿ.ಮೀ. ಅಳತೆಯ ಬೇರೆ ಡ್ರೈವರ್ ಹಾಕೋದೇ ವಾಸಿ. ಕೊಳ್ಳುವಾಗ ಕಡಿಮೆ ವೋಲ್ಟೇಜಿನಲ್ಲಿ ತಾನೇ ಆರುವ ವ್ಯವಸ್ಥೆ, ಅಂದರೆ 2.8ರಿಂದ 3 ವೋಲ್ಟಿಗೆ, ಇದೆಯಾ ನೋಡಿ. ಇಲ್ಲದಿದ್ದರೆ ಪ್ರೊಟೆಕ್ಟೆಡ್ ಸೆಲ್ (ರಕ್ಷಣಾ ಸರ್ಕ್ಯೂಟ್ ಇರೋದು) ಬೇಕು, ಅದು 65ರ ಬದಲು 68ರಿಂದ 70 ಮಿ.ಮೀ. ಉದ್ದ. ಕೊಳವೆಯಲ್ಲಿ ಹಿಡಿಯುತ್ತಾ ಮೊದಲೇ ಅಳೆಯಿರಿ.

ನಾಲ್ಕು ಚಿಪ್ಪಿಗೆ ಇಳಿಸಿದ ಮೇಲೆ ರೋಧ ತಗ್ಗಿಸೋಕೆ ಸ್ಪ್ರಿಂಗಿಗೆ ದಪ್ಪ ವೈರು ಸೇರಿಸೋ ಕೆಲಸಕ್ಕೆ ಹೋಗಬೇಡಿ. ಕರೆಂಟನ್ನು ಚಿಪ್ ಹಿಡಿದಿಟ್ಟಿರುತ್ತೆ, ಸ್ಪ್ರಿಂಗಿನಲ್ಲಿ ಉಳಿಸಿದ ವೋಲ್ಟೇಜನ್ನು ಚಿಪ್ಪೇ ಬಿಸಿ ಮಾಡಿ ಕಳೆಯುತ್ತೆ. ಸೆಲ್ ಖಾಲಿಯಾಗೋ ಕೊನೆಯ ಹೊತ್ತಿನಲ್ಲಿ ಮಾತ್ರ ಅಲ್ಪ ಲಾಭ.

ನೆರಳುಗೆರೆ:
ಕಪ್ಪು ಮಚ್ಚೆಯ ವಿಷಯ ಯಾರೂ ಮುಟ್ಟಿಲ್ಲ. ರಿಫ್ಲೆಕ್ಟರಿನ ನಾಭಿಯಲ್ಲಿ ಎಲ್‌ಇಡಿ ಕೂತಿಲ್ಲ ಎಂಬುದರ ಗುರುತು ಅದು. ಹೊಸ ಬೋರ್ಡು, ಬಿಲ್ಲೆ ಎಲ್ಲ ಸೇರಿ ಎತ್ತರ ಹೇಗೂ ಬದಲಾಗುತ್ತದೆ, ಆದ್ದರಿಂದ ಇದು ಕೊನೆಯ ಕೆಲಸ. ರಿಂಗ್ ಪೂರ್ತಿ ಬಿಗಿಯದೆ ಒಂದು ಮೀಟರ್ ದೂರದ ಗೋಡೆಗೆ ಬಿಟ್ಟು, ರಿಫ್ಲೆಕ್ಟರನ್ನು ಮೆಲ್ಲಗೆ ಮೇಲೆ ಎತ್ತಿ ನೋಡಿ. ಮಚ್ಚೆ ಮಾಯವಾದರೆ ಬೋರ್ಡಿಗೂ ರಿಫ್ಲೆಕ್ಟರಿಗೂ ನಡುವೆ ಕೂರುವ ಗ್ಯಾಸ್ಕೆಟ್ ದಪ್ಪನೆಯದು ಬೇಕು, ಹಿಗ್ಗಿದರೆ ಇರುವುದನ್ನು ಉಜ್ಜಿ ತೆಳು ಮಾಡಬೇಕು. ಒಂದು ಸಲಕ್ಕೆ 0.2 ಮಿ.ಮೀ.ಗಿಂತ ಹೆಚ್ಚು ಉಜ್ಜಬೇಡಿ.

ಹಳೆಯ ಎಲ್‌ಇಡಿ 5 ಮಿ.ಮೀ., ಹೊಸದು 3.5. ಹಳೆಯ ಗ್ಯಾಸ್ಕೆಟ್ ಹಾಕಿದರೆ ಎಲ್‌ಇಡಿ ಒಂದು ಕಡೆಗೆ ಸರಿದು ಬೆಳಕಿನ ವೃತ್ತ ಸೊಟ್ಟಗಾಗುತ್ತದೆ. ಒಳಗೆ 3.5 ಮಿ.ಮೀ. ಚೌಕ ಇರುವ ಗ್ಯಾಸ್ಕೆಟ್ ತರಿಸಿ. ಅದಕ್ಕೆ ಇನ್ನೊಂದು ಕೆಲಸವೂ ಇದೆ: ರಿಫ್ಲೆಕ್ಟರ್ ಲೋಹದ್ದು, ಅದರ ಬುಡ ಬೋರ್ಡಿನ ಪ್ಲಸ್ ಬೆಸುಗೆಗೆ ತಾಗಿದರೆ ಶಾರ್ಟ್. ಬೆಸುಗೆಯ ಗುಬ್ಬಿಯನ್ನು ಚಪ್ಪಟೆ ಮಾಡಿ, ವೈರನ್ನು ಹೊರಗಡೆಗೆ ಮಲಗಿಸಿ. ಜೋಡಿಸಿದ ಮೇಲೆ, ಸೆಲ್ ಹಾಕುವ ಮುಂಚೆ, ಬೋರ್ಡಿನ ಪ್ಲಸ್ ಮೈಗೆ ಬೀಪ್ ಆಗುತ್ತದೆಯೇ ಎಂದು ಮೀಟರಿನಲ್ಲಿ ನೋಡಲೇಬೇಕು. ಬೀಪ್ ಬಂದರೆ ಶಾರ್ಟ್ ಇದೆ ಎಂದರ್ಥ.

ಕೈಯಳತೆಯ ಕೆಲಸಕ್ಕೆ ನುಣುಪು ರಿಫ್ಲೆಕ್ಟರಿನ ಚೂಪು ಬೆಳಕು ಕಣ್ಣಿಗೆ ಹೊಡೆಯುತ್ತದೆ. ಗಾಜಿನ ಒಳಬದಿಗೆ ಅರೆಪಾರದರ್ಶಕ ಮ್ಯಾಟ್ ಫಿಲ್ಮ್ ಗುಂಡಗೆ ಕತ್ತರಿಸಿ ಅಂಟಿಸಿದರೆ ನಡುವಿನ ಚುಕ್ಕೆ ಕರಗಿ ಬೆಳಕು ಅಗಲಕ್ಕೆ ಹರಡುತ್ತದೆ. ಅಂಟುವಾಗ ಒಂದು ಹನಿ ಸೋಪುನೀರು ಇದ್ದರೆ ಗುಳ್ಳೆ ಬರುವುದಿಲ್ಲ.

ತಿರುಪುಮುಚ್ಚಳ:
ಬಿಲ್ಲೆ, ಎಲ್‌ಇಡಿ, ನಾಲ್ಕು ಚಿಪ್, ಫಿಲ್ಮ್ ಎಲ್ಲ ಆಯಿತು. ಬೆಳಕು ಇಳಿಯುತ್ತಿಲ್ಲ, ಮಚ್ಚೆಯೂ ಇಲ್ಲ. ತಲೆಭಾಗ ಮಾತ್ರ ಎರಡೇ ನಿಮಿಷಕ್ಕೆ ಬಿಸಿಯಾಗುತ್ತದೆ. ಜೊತೆಗೆ ಟಾರ್ಚ್ ಅಲ್ಲಾಡಿಸಿದರೆ ಮೋಡ್ ತಾನಾಗಿ ಬದಲಾಗುತ್ತದೆ.

ತಾಮ್ರದಬಿಲ್ಲೆ:
ತಲೆಭಾಗ ಬೇಗ ಬಿಸಿಯಾಗುವುದು ಒಳ್ಳೆಯ ಲಕ್ಷಣ, ಬಿಸಿ ಹೊರಗೆ ಬರುತ್ತಿದೆ. ಕೈ ಇಟ್ಟುಕೊಳ್ಳಲು ಆಗುವಷ್ಟಿದ್ದರೆ ಚಿಂತೆಯಿಲ್ಲ.

ಮೋಡ್ ಬದಲಾಗುವುದಕ್ಕೆ ಕಾರಣ ಕರೆಂಟು ಕ್ಷಣಕಾಲ ಕಡಿಯುವುದು. ಡ್ರೈವರ್ ಅದನ್ನು ಸ್ವಿಚ್ಚಿನ ಅರೆ ಒತ್ತು ಎಂದುಕೊಳ್ಳುತ್ತದೆ. ಡ್ರೈವರಿನ ಅಂಚಿನ ಗ್ರೌಂಡ್ ರಿಂಗ್ ಪಿಲ್‌ಗೆ ಗಟ್ಟಿಯಾಗಿ ತಾಗುತ್ತಿಲ್ಲ ಎಂದೇ ತೋರುತ್ತದೆ. ಪಿಲ್ ಹಿತ್ತಾಳೆಯದಾಗಿದ್ದರೆ ಎರಡು ಕಡೆ ಬೆಸೆದುಬಿಡಬಹುದಿತ್ತು; ಅಲ್ಯೂಮಿನಿಯಮ್ಮಿಗೆ ಸಾಮಾನ್ಯ ಸೋಲ್ಡರ್ ಹಿಡಿಯುವುದಿಲ್ಲ. ರಿಂಗ್ ಮೇಲೆ ಮೂರು ಕಡೆ ಸೋಲ್ಡರಿನ ಸಣ್ಣ ದಿಬ್ಬ ಮಾಡಿ, ಅರದಿಂದ ಸಮ ಮಾಡಿ ಒತ್ತಿ ಕೂರಿಸಿದರೆ ಬಿಗಿಯಾಗುತ್ತದೆ. ಆಮೇಲೂ ಹಾಗೇ ಇದ್ದರೆ ಕೊಳವೆಯ ಎರಡು ತುದಿಯ ಅಂಚನ್ನೂ, ಹಿಂದಿನ ಮುಚ್ಚಳದೊಳಗೆ ಸ್ವಿಚ್ ಹಿಡಿದಿರುವ ರಿಂಗನ್ನೂ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಆ ರಿಂಗ್ ಬಿಗಿ ಮಾಡಿ.

ಓಮ್‌ಲೆಕ್ಕ:
ಸೆಲ್ ತೆಗೆದಾಗ ಪ್ಲಸ್ ತುದಿಯ ಹೊದಿಕೆಯನ್ನೂ ಒಮ್ಮೆ ನೋಡಿ. ಭುಜದವರೆಗೂ ಡಬ್ಬಿ ಮೈನಸ್ಸೇ. ಅಲ್ಲಿ ಪ್ಲಾಸ್ಟಿಕ್ ಹರಿದು, ಡ್ರೈವರಿನ ಸ್ಪ್ರಿಂಗ್ ಓರೆಯಾಗಿ ಅದಕ್ಕೆ ತಾಗಿದರೆ ಸೆಲ್ಲೇ ಶಾರ್ಟ್ ಆಗುತ್ತೆ. ಹರಿದಿದ್ದರೆ ನಿರೋಧಕ ಉಂಗುರ ಇಟ್ಟು ಹೊಸ ಹೊದಿಕೆ ಹಾಕುವವರೆಗೂ ಆ ಸೆಲ್ ಟಾರ್ಚಿಗೂ ಬೇಡ, ಚಾರ್ಜರಿಗೂ ಬೇಡ.