ಟೋನಿ ಬೆನ್: ಗೆದ್ದರೂ ಸೀಟು ಯಾಕೆ ಸಿಗಲಿಲ್ಲ?

ಸುಮ್ನೆಓದುಗ:
ಬ್ರಿಟನ್ನಿನ ಲೇಬರ್ ಸಂಸದ ಟೋನಿ ಬೆನ್ ಬಗ್ಗೆ ಓದುತ್ತಿದ್ದೆ. 1961ರಲ್ಲಿ ಬ್ರಿಸ್ಟಲ್ ಆಗ್ನೇಯ ಕ್ಷೇತ್ರದ ಉಪಚುನಾವಣೆಯಲ್ಲಿ 13 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರಂತೆ, ಆದರೆ ಸಂಸತ್ತಿಗೆ ಹೋಗಿದ್ದು ಸೋತ ಕನ್ಸರ್ವೇಟಿವ್ ಅಭ್ಯರ್ಥಿ! ಇದು ಹೇಗೆ? ಎಣಿಕೆಯಲ್ಲಿ ಏನಾದರೂ ಗೋಲ್‌ಮಾಲ್ ಆಗಿತ್ತಾ?

ಹಳೇಪೇಪರ್:
ಗೋಲ್‌ಮಾಲ್ ಏನೂ ಇಲ್ಲ, ಅಪ್ಪನ ಪದವಿ ಮಗನ ಕುತ್ತಿಗೆಗೆ ಬಿತ್ತು ಅಷ್ಟೆ. ಬೆನ್ 1950ರಲ್ಲೇ, 25ನೇ ವಯಸ್ಸಿಗೆ, ಅದೇ ಕ್ಷೇತ್ರದಿಂದ ಸಂಸದರಾಗಿದ್ದವರು. ಅಪ್ಪ ವಿಲಿಯಂ ವೆಜ್‌ವುಡ್ ಬೆನ್ (1929ರಿಂದ 31ರವರೆಗೆ ಭಾರತದ ವ್ಯವಹಾರ ನೋಡಿಕೊಂಡ ಬ್ರಿಟಿಷ್ ಮಂತ್ರಿ ಇವರೇ) 1942ರಲ್ಲಿ ವೈಕೌಂಟ್ ಸ್ಟಾನ್ಸ್‌ಗೇಟ್ ಆದರು, ಅಂದ್ರೆ ಅಪ್ಪನಿಂದ ಮಗನಿಗೆ ಇಳಿಯುವ ಒಂದು ಲಾರ್ಡ್ ಪದವಿ. ಆ ಪದವಿ ದೊಡ್ಡ ಮಗನಿಗೆ ಹೋಗಬೇಕಿತ್ತು, ಆತ ವಾಯುಪಡೆಯಲ್ಲಿದ್ದು 1944ರಲ್ಲಿ ತೀರಿಹೋದ. 1960ರಲ್ಲಿ ಅಪ್ಪನೂ ಹೋದಾಗ ಅದು ತಾನಾಗೇ ಟೋನಿ ತಲೆ ಮೇಲೆ ಬಂತು. ಬೇಡ ಅನ್ನೋಕೆ ಕಾನೂನೇ ಇರಲಿಲ್ಲ! ಅಂಥ ಲಾರ್ಡ್ ಆದವರು ಆಗ ಕಾಮನ್ಸ್‌ನಲ್ಲಿ (ಜನ ಆರಿಸುವ ಕೆಳಮನೆ) ಕೂರುವ ಹಾಗಿರಲಿಲ್ಲ. ಹಾಗಾಗಿ ಜನ ಗೆಲ್ಲಿಸಿದರೂ ಚುನಾವಣಾ ಕೋರ್ಟು ಎದುರಾಳಿ ಮಾಲ್ಕಮ್ ಸೇಂಟ್ ಕ್ಲೇರ್‌ಗೆ ಸೀಟು ಕೊಟ್ಟಿತು.

ಬೆನ್ ಬಿಡಲಿಲ್ಲ. ಪದವಿ ಬಿಡಲು ಅವಕಾಶ ಕೊಡುವ ಕಾಯ್ದೆ 1963ರ ಜುಲೈ 31ಕ್ಕೆ ಬಂತು, ಅವತ್ತೇ ಬಿಟ್ಟರು. ಸೇಂಟ್ ಕ್ಲೇರ್ ಕೂಡ ಕೊಟ್ಟ ಮಾತಿನಂತೆ ಜಾಗ ಖಾಲಿ ಮಾಡಿದರು, ಮೆಚ್ಚಬೇಕು. ಆಗಸ್ಟ್ 20ರ ಉಪಚುನಾವಣೆಯಲ್ಲಿ ಬೆನ್ ವಾಪಸ್.

ಸುಮ್ನೆಓದುಗ:
ಖಾಲಿ ಮಾಡಿದರು ಅಂದ್ರೆ ರಾಜೀನಾಮೆ ಬರೆದುಕೊಟ್ಟರಾ?

ಹಳೇಪೇಪರ್:
ಅಲ್ಲಿ ಸಂಸದರು ನೇರವಾಗಿ ರಾಜೀನಾಮೆ ಕೊಡುವಂತಿಲ್ಲ. ಅರಮನೆ ಹೆಸರಿನ ಒಂದು ನಾಮಕಾವಸ್ತೆ ಹುದ್ದೆ ತಗೋಬೇಕು, ಆಗ ಸೀಟು ತಾನಾಗೇ ಹೋಗುತ್ತದೆ. ಇವರು ತಗೊಂಡಿದ್ದು ನಾರ್ತ್‌ಸ್ಟೆಡ್ ಮ್ಯಾನರ್‌ನ ಸ್ಟುವರ್ಡ್ ಹುದ್ದೆ. ಕೆಲಸವೂ ಇಲ್ಲ, ಸಂಬಳವೂ ಇಲ್ಲ.

ಸ್ಟಾಂಪ್‌ಹುಚ್ಚ:
ಇದರ ಬಾಲ ಇನ್ನೂ ತಮಾಷೆ. ಅದೇ ಕಾಯ್ದೆ ಹಿಡಿದು ಅದೇ ವರ್ಷ ಅಕ್ಟೋಬರ್‌ನಲ್ಲಿ ಲಾರ್ಡ್ ಹೋಮ್ ತಮ್ಮ ಪದವಿ ಬಿಟ್ಟು ಕಾಮನ್ಸ್ ದಾರಿ ಹಿಡಿದರು, ಅಲೆಕ್ ಡಗ್ಲಸ್-ಹೋಮ್ ಅಂತ ಕನ್ಸರ್ವೇಟಿವ್ ಪ್ರಧಾನಿಯಾಗಿ! ಬಾವಿ ತೋಡಿದ್ದು ಬೆನ್, ನೀರು ಸೇದಿದ್ದು ಎದುರು ಪಕ್ಷ.

ಆಮೇಲಿನದು ಚುಟುಕಾಗಿ: ಎರಡು ಲೇಬರ್ ಸರ್ಕಾರಗಳಲ್ಲಿ ಮಂತ್ರಿ, 1981ರಲ್ಲಿ ಪಕ್ಷದ ಉಪನಾಯಕ ಸ್ಥಾನಕ್ಕೆ ನಿಂತು ಡೆನಿಸ್ ಹೀಲಿ ಎದುರು ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ಸೋಲು, 1983ರಲ್ಲಿ ಬ್ರಿಸ್ಟಲ್ ಕೈಕೊಟ್ಟಿತು, ಮರುವರ್ಷ ಚೆಸ್ಟರ್‌ಫೀಲ್ಡ್ ಕರೆದುಕೊಂಡಿತು, 2001ರವರೆಗೆ ಅಲ್ಲೇ ಇದ್ದರು.

ನನಗೆ ಇಷ್ಟವಾದದ್ದು ಮಾತ್ರ ಬೇರೆ. 1964ರಲ್ಲಿ ಅಂಚೆ ಖಾತೆ ಸಿಕ್ಕಾಗ ಸ್ಟಾಂಪಿನಿಂದ ರಾಣಿಯ ತಲೆಯನ್ನೇ ತೆಗೆಸಲು ಹೊರಟಿದ್ದರು. ಅರಮನೆ ಒಪ್ಪಲಿಲ್ಲ. ಕೊನೆಗೆ ವಿಶೇಷ ಸ್ಟಾಂಪುಗಳ ಮೂಲೆಯಲ್ಲಿ ರಾಣಿಯ ಪುಟ್ಟ ನೆರಳುಚಿತ್ರ ಉಳಿಯಿತು. ಆ ಕಾಲದ ಸ್ಟಾಂಪು ಕೈಗೆ ಸಿಕ್ಕರೆ ಮೂಲೆ ನೋಡಿ.