ಪತಂಗ ಮರದ ಚಕ್ಕೆಯಲ್ಲಿ ಮೊಟ್ಟೆಗೆ ಕೆಂಪು ಬರಬೇಕಲ್ಲ, ಹಳದಿ ಯಾಕೆ?

ಪ್ರಶ್ನೆ (ಕುಂಬಳೆ)
ಈಸ್ಟರಿಗೆ ಮೊಟ್ಟೆಗೆ ಬಣ್ಣ ಹಾಕಬೇಕು, ಪ್ಯಾಕೆಟ್ ಬಣ್ಣ ಬೇಡ. ಇಲ್ಲಿ ಕುಡಿಯುವ ನೀರಿಗೆ ಹಾಕುವ ಪತಿಮುಖಂ, ಅಂದರೆ ಪತಂಗದ ಚಕ್ಕೆ ಕುದಿಸಿದಾಗ ನೀರು ಚೆಂದ ಕೆಂಪು. ವಿನೆಗರ್ ಬಿದ್ದದ್ದೇ ತಡ, ಹಳದಿ. ನೀರುಳ್ಳಿ ಸಿಪ್ಪೆಯಲ್ಲಿ ಹಾಕಿದರೆ ಮಚ್ಚೆ ಮಚ್ಚೆ. ನೀಲಿಗೆ ಯಾವುದು ಆಗಬಹುದು? ಮೊಟ್ಟೆ ತಿನ್ನಲೂ ಬೇಕು.

ಉತ್ತರ (ಬದಿಯಡ್ಕ)
ವಿನೆಗರ್ ಎಲ್ಲದಕ್ಕೂ ಅಲ್ಲ. ಪತಂಗದ ಕೆಂಪು ಹುಳಿ ತಾಗಿದರೆ ಹಳದಿಗೆ ತಿರುಗುತ್ತದೆ, ಕ್ಷಾರ ತಾಗಿದರೆ ಇನ್ನೂ ಗಾಢ. ಅರ್ಧ ಲೀಟರ್ ನೀರಿಗೆ ಒಂದು ಹಿಡಿ ಚಕ್ಕೆ, 20 ನಿಮಿಷ ಕುದಿಸಿ ಸೋಸಿ, ಚಿಟಿಕೆ ಅಡುಗೆ ಸೋಡಾ ಮಾತ್ರ ಹಾಕಿ. ಬರೀ ಚಕ್ಕೆಯನ್ನೇ ತನ್ನಿ. ಕುಡಿಯುವ ನೀರಿಗೆಂದು ಸಿಗುವ ದಾಹಶಮನಿ ಮಿಶ್ರಣದಲ್ಲಿ ಬೇರೆ ಮರದ ಚಕ್ಕೆ, ಶುಂಠಿ ಎಲ್ಲ ಇರುತ್ತದೆ, ಬಣ್ಣ ಮಂಕು.

ನೀರುಳ್ಳಿಗೆ ವಿನೆಗರ್ ಬೇಕು. 10–12 ನೀರುಳ್ಳಿಯ ಒಣ ಸಿಪ್ಪೆ, ಒಂದು ಲೀಟರ್ ನೀರು, ಅರ್ಧ ಗಂಟೆ ಕುದಿ. ಸೋಸಿದ ಮೇಲೆ 2 ದೊಡ್ಡ ಚಮಚ ವಿನೆಗರ್. ಸಿಪ್ಪೆ ಮೊಟ್ಟೆಗೆ ಅಂಟಿದಲ್ಲಿ, ಮೊಟ್ಟೆಗೆ ಮೊಟ್ಟೆ ತಾಗಿದಲ್ಲಿ, ಕೈಯ ಎಣ್ಣೆಜಿಡ್ಡು ಇದ್ದಲ್ಲಿ ಮಚ್ಚೆ ಬೀಳುವುದು. ಮೊದಲೇ ವಿನೆಗರ್ ಬಟ್ಟೆಯಲ್ಲಿ ಒರೆಸಿ. ಹೆಚ್ಚು ಸುರಿಯಬೇಡಿ: ಚಿಪ್ಪಿನ ಸುಣ್ಣ ಕರಗಿ ಗುಳ್ಳೆ ಏಳುತ್ತದೆ, ಬಣ್ಣವೂ ಅದರೊಟ್ಟಿಗೆ ಕಳಚುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ, ಕಬ್ಬಿಣದ ಬಾಣಲೆಯಲ್ಲಿ ಬಣ್ಣ ಕಪ್ಪಿಡುತ್ತದೆ.

ಉತ್ತರ (ಮಂಜೇಶ್ವರ)
ನೀಲಿಗೆ ಕೆಂಪು ಕ್ಯಾಬೇಜ್. ಅರ್ಧ ಕಿಲೋ ಹೆಚ್ಚಿ, ಲೀಟರ್ ನೀರಲ್ಲಿ 30 ನಿಮಿಷ ಬೇಯಿಸಿ, ಸೋಸಿ, ಪೂರ್ತಿ ಆರಿದ ಮೇಲೆ 2 ಚಮಚ ವಿನೆಗರ್. ನೀರು ಗುಲಾಬಿಯಾಯಿತೆಂದು ಚೆಲ್ಲಬೇಡಿ! ಚಿಪ್ಪಿನ ಸುಣ್ಣ ಹುಳಿಯನ್ನು ಮುರಿಯುವುದರಿಂದ ಮೊಟ್ಟೆಯ ಮೇಲೆ ನೀಲಿಯೇ ಕೂರುತ್ತದೆ. ಬೇಯಿಸಿದ ಮೊಟ್ಟೆಯನ್ನು ಅದರಲ್ಲಿ ಮುಳುಗಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬಿಳಿ ಚಿಪ್ಪಿನದೇ ಬೇಕು. ಕಂದು ಚಿಪ್ಪಿನ ನಾಟಿ ಮೊಟ್ಟೆಗೆ ನೀರುಳ್ಳಿಯೇ ಸರಿ. ತೆಗೆದಾಗ ಒರೆಸದೆ ಜಾಲರಿ ಮೇಲೆ ಒಣಗಲು ಬಿಡಿ, ಹಸಿಯಲ್ಲಿ ಬೆರಳಿಗೇ ಬರುತ್ತದೆ. ಕ್ಯಾಬೇಜ್ ಸಿಗದಿದ್ದರೆ ಬೇಲಿಯ ಶಂಖಪುಷ್ಪ ನೋಡಬಹುದು. ಬೀಟ್ರೂಟ್ ಮಾತ್ರ ನಂಬಬೇಡಿ, ಹೆಚ್ಚು ಕುದಿಸಿದರೆ ಕೆಂಪು ಸತ್ತು ಕಂದಾಗುತ್ತದೆ.

ಉತ್ತರ (ಬದಿಯಡ್ಕ)
ಅರಶಿನದ ಹಳದಿ ಸುಲಭ, ಆದರೆ ಬಿಸಿಲಿಗಿಟ್ಟರೆ ಬೇಗ ಮಾಸುತ್ತದೆ.

ಉತ್ತರ (ನೀರ್ಚಾಲು)
ಚಿತ್ತಾರ ಬೇಕಿದ್ದರೆ ಕೊತ್ತಂಬರಿ ಎಲೆ ಒದ್ದೆ ಮಾಡಿ ಅಂಟಿಸಿ, ಹಳೆ ಪಂಚೆಯ ತುಂಡಲ್ಲಿ ಬಿಗಿಯಾಗಿ ಕಟ್ಟಿ ನೀರುಳ್ಳಿ ಬಣ್ಣಕ್ಕೆ ಹಾಕಿ. ಕಟ್ಟು ಸಡಿಲವಾದರೆ ಎಲೆಯಂಚಿನೊಳಗೆ ಬಣ್ಣ ನುಗ್ಗುತ್ತದೆ. ಒಣಗಿದ ಮೇಲೆ ಎರಡು ಹನಿ ತೆಂಗಿನೆಣ್ಣೆ ತಿಕ್ಕಿದರೆ ಹೊಳಪು. ತಿನ್ನುವ ಮೊಟ್ಟೆ ಹೊರಗೆ 2 ಗಂಟೆಗಿಂತ ಹೆಚ್ಚು ಬೇಡ, ಈ ಸೆಕೆಗೆ ಇನ್ನೂ ಕಮ್ಮಿ. ಫ್ರಿಜ್‌ನಲ್ಲಾದರೆ ಒಂದು ವಾರ. ಬಿರುಕು ಬಿಟ್ಟದ್ದನ್ನು ಬಣ್ಣಕ್ಕೇ ಹಾಕಬೇಡಿ.