ಕೋಜಾಗಿರಿ ಮಸಾಲಾ ಹಾಲು: ಡಾಕ್ಟ್ರನ್ನ ಕೇಳಿ

ಅಡ್ಮಿನ್: ನಾಡಿದ್ದು ಕೋಜಾಗಿರಿ ಹುಣ್ಣಿಮೆ, ಸೊಸೈಟಿ ಗಚ್ಚಿ ಮೇಲೆ ಹಾಲು ಕಾಯಿಸೋ ತಯಾರಿ ಶುರು, ಗ್ರೂಪಲ್ಲಿ ಫಾರ್ವರ್ಡ್‌ಗಳೂ ಶುರು. ಅದಕ್ಕೇ ನಮ್ಮ ಡೊಂಬಿವ್ಲಿ ಡಾಕ್ಟ್ರು ಇವತ್ತು ರಾತ್ರಿ ಸ್ವಲ್ಪ ಹೊತ್ತು ಕೂತು ಉತ್ತರ ಕೊಡ್ತೀನಿ ಅಂದಿದ್ದಾರೆ. ಮಸಾಲಾ ಹಾಲು, ಅರಿಶಿನ ಹಾಲು ಬಗ್ಗೆ ಮಾತ್ರ ಕೇಳಿ. ಗುಡ್ ನೈಟ್ ಫೋಟೋ ಹಾಕ್ಬೇಡಿ ದಯವಿಟ್ಟು.

ಮುಲುಂಡ್ ಅತ್ತಿಗೆ: ನಮಸ್ಕಾರ ಡಾಕ್ಟ್ರೇ. ಹೋದ ವರ್ಷ ನಮ್ಮ ಬಿಲ್ಡಿಂಗ್‌ನಲ್ಲಿ ಹಾಲಿಗೆ ಹಸಿಶುಂಠಿ ತುರಿದು ಹಾಕಿದ್ವಿ, ಇಡೀ ಪಾತೇಲಿ ಒಡೆದು ಹೋಯ್ತು. ಹಾಲು ಹಳೇದಿತ್ತು ಅಂತ ಡೈರಿಯವನ ಹತ್ರ ಜಗಳಾನೂ ಆಯ್ತು. ತಪ್ಪು ಯಾರದ್ದು?

ಡಾಕ್ಟ್ರು: ಡೈರಿಯವನದ್ದಲ್ಲ. ಹಸಿಶುಂಠಿಯಲ್ಲಿ ಪ್ರೋಟೀನ್ ಮುರಿಯೋ ಎನ್‌ಜೈಮ್ ಇದೆ, ಹಾಲು ಬಿಸಿ ಏರ್ತಾ ಇರೋವಾಗ ಹಾಕಿದ್ರೆ ಅದು ತನ್ನ ಕೆಲಸ ಮಾಡಿಯೇ ಮಾಡತ್ತೆ. ಕುದಿಯೋ ಬಿಸಿಗೆ ಆ ಎನ್‌ಜೈಮ್ ಸಾಯತ್ತೆ. ಹಾಗಾಗಿ ಶುಂಠಿನ ಅರ್ಧ ಲೋಟ ನೀರಲ್ಲಿ ಮೊದ್ಲು ಚೆನ್ನಾಗಿ ಕುದಿಸಿ ಆಮೇಲೆ ಸೋಸಿ ಹಾಕಿ, ಇಲ್ಲಾ ಒಣಶುಂಠಿ ಪುಡಿ ಹಾಕಿ. ಬೆಲ್ಲ ಆದ್ರೆ ಒಲೆ ಆರಿಸಿ ಹಾಲು ಸ್ವಲ್ಪ ಆರಿದ ಮೇಲೆ.
ನಮ್ಮನೇಲಿ ಮಾಡೋದು ಹೀಗೆ: 1 ಲೀಟರ್ ಹಾಲು ಮುಕ್ಕಾಲಿಗೆ ಇಳಿಸೋದು, ಬಾದಾಮಿ ಪಿಸ್ತಾ ತರಿತರಿ ಪುಡಿ, ಒಂದು ಚಮಚ ಚಾರೋಳಿ, ನಾಲ್ಕು ಏಲಕ್ಕಿ, ಒಂದು ಚಿಟಿಕೆ ಕೇಸರಿ ಬೆಚ್ಚಗಿನ ಹಾಲಲ್ಲಿ ನೆನೆಸಿದ್ದು. ಜಾಯಿಕಾಯಿ ತುರಿಮಣೆ ಮೇಲೆ ಎರಡೇ ಎರಡು ಸಲ ಎಳೀರಿ, ಕಾಯಿ ವಾಪಸ್ ಡಬ್ಬಿಗೆ. ಚಿಕ್ಕ ಮಕ್ಕಳ ಲೋಟಕ್ಕೆ ಬಾದಾಮಿ ಚೂರು ಬೇಡ, ಗಂಟಲಿಗೆ ಸಿಕ್ಕಿಕೊಳ್ಳತ್ತೆ, ನುಣ್ಣಗೆ ಪುಡಿ ಮಾಡಿ.

ಕೊಥ್ರೂಡ್ ಕಾಕಾ: ಶುಗರ್ ಇರೋರು ಸಕ್ಕರೆ ಬದಲು ಬೆಲ್ಲ ಹಾಕ್ಕೊಂಡ್ರೆ ನಡೆಯುತ್ತಲ್ವಾ?

ಡಾಕ್ಟ್ರು: ಇಲ್ಲ. ಬೆಲ್ಲವೂ ಸಕ್ಕರೆಯೇ. ಒಂದು ಲೋಟ ಹಾಲಲ್ಲೇ ಸುಮಾರು 10 ಗ್ರಾಂ ಲ್ಯಾಕ್ಟೋಸ್, ಅಂದ್ರೆ ಹಾಲಿನದ್ದೇ ಸಕ್ಕರೆ, ಇರತ್ತೆ, ಅದು ಸಾಕು. ಏನೂ ಹಾಕದೆ ಏಲಕ್ಕಿ ಜಾಸ್ತಿ ಮಾಡಿ ಕುಡೀರಿ.

ನೆರೂಲ್‌ನಿಂದ: ನಮ್ಮಪ್ಪಂಗೆ ವಾಲ್ವ್ ಆಪರೇಶನ್ ಆಗಿದೆ, ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ತಗೋತಾರೆ. ಯಾರೋ ಹೇಳಿದ್ರು ಅಂತ ದಿನಾ ರಾತ್ರಿ ದೊಡ್ಡ ಚಮಚದಲ್ಲಿ ಅರಿಶಿನ ಹಾಕ್ಕೊಂಡು ಕುಡೀತಿದ್ದಾರೆ. ಪರವಾಗಿಲ್ವಾ?

ಡಾಕ್ಟ್ರು: ಸಾರಿಗೆ ಹಾಕೋ ಅರಿಶಿನಕ್ಕೆ ನನ್ನ ತಕರಾರಿಲ್ಲ. ದಿನಾ ಚಮಚಗಟ್ಟಲೆ ಆದ್ರೆ ರಕ್ತ ಇನ್ನೂ ತೆಳುವಾಗೋ ಸಾಧ್ಯತೆ ಇದೆ. ಅದನ್ನ ನಿಲ್ಸಿ, ಈ ವಾರವೇ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ನೋಡೋ ಟೆಸ್ಟ್) ಮಾಡಿಸಿ, ಅವರ ಹಾರ್ಟ್ ಡಾಕ್ಟ್ರಿಗೆ ಇದನ್ನ ಹೇಳಿ. ವಸಡಲ್ಲಿ ರಕ್ತ, ಕಪ್ಪು ಮಲ ಕಂಡ್ರೆ ಕಾಯಬೇಡಿ.

ಠಾಣೆ ಮಾಮ: *ಫಾರ್ವರ್ಡ್:* ಅರ್ಧ ಜಾಯಿಕಾಯಿ ಪುಡಿ + 1 ಚಮಚ ಅರಿಶಿನ + ಕಾಳುಮೆಣಸು ಬಿಸಿ ಹಾಲಿಗೆ. 21 ರಾತ್ರಿ. ಹಾರ್ಟ್ ಬ್ಲಾಕೇಜ್ ಕರಗುತ್ತೆ, ನಿದ್ದೆ ಮಗುವಿನ ಥರ. ಮೆಣಸು ಹಾಕಿದ್ರೆ ಅರಿಶಿನದ ಶಕ್ತಿ 2000% ಜಾಸ್ತಿ ಅಂತ ವಿಜ್ಞಾನಿಗಳೇ ಹೇಳಿದ್ದಾರೆ. 10 ಜನಕ್ಕೆ ಕಳಿಸಿ.

ಡಾಕ್ಟ್ರು: ಮಾಮ, 2000% ಕಥೆ ಎಲ್ಲಿಂದ ಬಂತು ಅಂತ ಗೊತ್ತಾ? ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರ 1998ರ ಪೇಪರ್. ಅದ್ರಲ್ಲಿ ಕೊಟ್ಟಿದ್ದು ಅರಿಶಿನದಲ್ಲಿರೋ ಕರ್ಕ್ಯುಮಿನ್ ಅನ್ನೋ ಅಂಶ 2 ಗ್ರಾಂ, ಜೊತೆಗೆ ಮೆಣಸಲ್ಲಿರೋ ಪೈಪರಿನ್ 20 ಮಿಲಿಗ್ರಾಂ. ಅಡಿಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ಸುಮಾರು 3%. ಅಷ್ಟು ಬೇಕಂದ್ರೆ ನೀವು ಒಂದೇ ಸಲಕ್ಕೆ 60 ಗ್ರಾಂಗಿಂತ ಜಾಸ್ತಿ ಪುಡಿ ಕುಡೀಬೇಕು. ಮತ್ತೆ ಅವರು ನೋಡಿದ್ದು ರಕ್ತಕ್ಕೆ ಎಷ್ಟು ಸೇರತ್ತೆ ಅಂತ, ಬ್ಲಾಕೇಜ್ ಅನ್ನೋ ಮಾತೇ ಅಲ್ಲಿಲ್ಲ.
ಜಾಯಿಕಾಯಿ ವಿಷಯ ಇನ್ನೂ ಕೆಟ್ಟದು. ಒಂದು ಇಡೀ ಕಾಯಿ ತೂಗೋದೇ ಸುಮಾರು 5 ಗ್ರಾಂ, ಅಷ್ಟು ಹೊಟ್ಟೆಗೆ ಹೋದ್ರೆ ವಾಂತಿ, ಎದೆ ಡವಡವ, ಬಾಯಿ ಒಣಗೋದು, ಭ್ರಮೆ. ಅದೂ ತಕ್ಷಣ ಅಲ್ಲ, ಕೆಲವು ಗಂಟೆ ಬಿಟ್ಟು ಏರತ್ತೆ. ಏನೂ ಆಗಿಲ್ಲ ಅಂತ ಇನ್ನರ್ಧ ಹಾಕ್ಕೊಂಡು ಕುಡಿಯೋರು ಇದ್ದಾರೆ. ಡಿಲೀಟ್ ಮಾಡಿ ಇದನ್ನ.

ಠಾಣೆ ಮಾಮ: ನಾನು ಬರೆದದ್ದಲ್ಲ, ಬಂದದ್ದನ್ನ ಕಳಿಸಿದೆ ಅಷ್ಟೇ 🙏

ಕುರ್ಲಾ ಸೊಸೆ: ಡಾಕ್ಟ್ರೇ ನಂಗೂ ಇದೇ ಕೇಳ್ಬೇಕಿತ್ತು. ನನ್ನ ಮಗೂಗೆ 5 ತಿಂಗಳು, ಶೀತ ಇತ್ತು, ನಮ್ಮತ್ತೆ ರಾತ್ರಿ ಒಂದು ಚಮಚ ಅರಿಶಿನದ ಹಾಲಲ್ಲಿ ಜಾಯಿಕಾಯಿ ತೇಯ್ದು ಸ್ವಲ್ಪ ಜೇನು ಸೇರ್ಸಿ ಕೊಡ್ತಿದ್ದಾರೆ. ಈಗ ಚೆನ್ನಾಗಿ ಮಲಗ್ತಾಳೆ. ಕೋಜಾಗಿರಿ ದಿನ ಮಸಾಲಾ ಹಾಲು ಒಂದೆರಡು ಚಮಚ ಕೊಡಬಹುದಾ ಅಂತ.

ಡಾಕ್ಟ್ರು: ಏನೂ ಕೊಡಬೇಡಿ. ಇವತ್ತು ರಾತ್ರಿದ್ದೂ ಬೇಡ. ಮೊದ್ಲು ಇದಕ್ಕೆ ಉತ್ತರ ಹೇಳಿ, ಚೆನ್ನಾಗಿ ಮಲಗ್ತಾಳೆ ಅಂದ್ರೆ ಏನು? ಹಾಲು ಕುಡಿಯೋಕೆ ತಾನಾಗೇ ಏಳ್ತಾಳಾ? ಮೊದಲಿನಷ್ಟೇ ಜೋರಾಗಿ ಚೀಪ್ತಾಳಾ? ಕಕ್ಕ ಯಾವಾಗ ಮಾಡಿದ್ದು? ಬೆಳಗಿಂದ ಉಚ್ಚೆ ಎಷ್ಟು ಸಲ?

ವಿಜಯಪುರದ ಅಕ್ಕ, ಕಲ್ಯಾಣ: ಡಾಕ್ಟರ್ ಸಾಹೇಬ್ರ, ಹಂಗ್ಯಾಕ ಹೆದರಸ್ತೀರಿ? ನಮ್ಮ ಮಕ್ಕಳಿಗೆಲ್ಲಾ ಸಾಣಿಕಲ್ಲ ಮ್ಯಾಲೆ ಜಾಯಿಕಾಯಿ, ಬಜಿ, ಅಳಲೆಕಾಯಿ ತೇದು ನೆಕ್ಕಿಸೇವ್ರಿ, ಎಲ್ಲಾರೂ ಗಟ್ಟಿಮುಟ್ಟ ಅದಾರ. ಇಲ್ಲಿ ಮರಾಠಿ ಮಂದೀನೂ ಕೂಸಿಗೆ ಹಿಂಗ ತೇದು ಬಾಳಗುಟಿ ಅಂತ ಹಾಕ್ತಾರ.

ಕುರ್ಲಾ ಸೊಸೆ: ಕಕ್ಕ 4 ದಿನ ಆಯ್ತು ಮಾಡಿಲ್ಲ. ಎಬ್ಬಿಸಿದ್ರೆ ಕುಡೀತಾಳೆ, ಎರಡು ನಿಮಿಷಕ್ಕೆ ಬಿಟ್ಬಿಡ್ತಾಳೆ. ಅಳೋದು ಕಮ್ಮಿ ಆಗಿದೆ, ಸಣ್ಣ ದನಿ. ಉಚ್ಚೆ ಬೆಳಗಿಂದ ಎರಡು ಸಲ ಇರ್ಬೇಕು.

ಡಾಕ್ಟ್ರು: ಕೇಳಿ ಅಮ್ಮಾ. ಎದೆಹಾಲು ಕುಡಿಯೋ ಮಗು ನಾಲ್ಕು ದಿನ ಕಕ್ಕ ಮಾಡಿಲ್ಲ ಅನ್ನೋದು ಒಂದೇ ಆಗಿದ್ರೆ ನಾನು ತಲೆ ಕೆಡಿಸ್ಕೊತಿರ್ಲಿಲ್ಲ, ಎಷ್ಟೋ ಮಕ್ಕಳಿಗೆ ಅದು ಮಾಮೂಲು. ಆದ್ರೆ ಚೀಪೋ ಶಕ್ತಿ ಕಮ್ಮಿ, ಅಳೋ ದನಿ ಸಣ್ಣ, ಉಚ್ಚೆ ಕಮ್ಮಿ, ಜೊತೆಗೆ ಜೇನು ಮತ್ತೆ ಜಾಯಿಕಾಯಿ ಎರಡೂ ಹೊಟ್ಟೆಗೆ ಹೋಗಿದೆ. ಒಂದು ವರ್ಷದೊಳಗಿನ ಮಗೂಗೆ ಜೇನು ಯಾಕೆ ಬೇಡ ಅಂದ್ರೆ ಅದ್ರಲ್ಲಿ ಬೊಟುಲಿಸಂ ಅನ್ನೋ ಕಾಯಿಲೆ ತರೋ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ನಮ್ಮ ಹೊಟ್ಟೇಲಿ ಅದು ಬೆಳೆಯಲ್ಲ, ಕೂಸಿನ ಕರುಳಲ್ಲಿ ಬೆಳೆದು ವಿಷ ಬಿಡತ್ತೆ, ಹಾಲಲ್ಲಿ ಕುದಿಸಿದ್ರೂ ಬೀಜಾಣು ಸಾಯಲ್ಲ. ಶುರುವಾಗೋದೇ ಮಲಬದ್ಧತೆಯಿಂದ, ಆಮೇಲೆ ಚೀಪೋದು ಕಮ್ಮಿ, ರೆಪ್ಪೆ ಜೋಲೋದು, ಕತ್ತು ನಿಲ್ಲದೇ ಇರೋದು, ಕೊನೆಗೆ ಉಸಿರು. ಇದು ಅಪರೂಪ, ನಿಮ್ಮ ಮಗೂಗೆ ಅದೇ ಆಗಿದೆ ಅಂತ ಫೋನಲ್ಲಿ ಕೂತು ನಾನು ಹೇಳಲ್ಲ. ಜಾಯಿಕಾಯಿಯ ಮಂಪರು ಇರಬಹುದು, ಶೀತ ಹೆಚ್ಚಾಗಿ ಸೋಂಕು ಏರಿರಬಹುದು, ನೀರು ಕಮ್ಮಿಯಾಗಿರಬಹುದು. ಯಾವುದೇ ಇರ್ಲಿ, ಮಕ್ಕಳ ಡಾಕ್ಟ್ರು ಕೈಯಲ್ಲಿ ಹಿಡಿದು ನೋಡದೆ ಗೊತ್ತಾಗಲ್ಲ, ಬೆಳಗ್ಗೆವರೆಗೂ ಕಾಯೋ ವಿಷಯ ಅಲ್ಲ.
ಈಗಲೇ ಹೊರಡಿ. ನಿಮಗೆ ಸಾಯನ್ ಆಸ್ಪತ್ರೆ ಹತ್ರ, ಸೀದಾ ಎಮರ್ಜೆನ್ಸಿಗೆ ಹೋಗಿ. ಉಸಿರಾಟ ಸ್ವಲ್ಪ ಬೇರೆ ಅನ್ನಿಸಿದ್ರೂ ಟ್ಯಾಕ್ಸಿ ಹುಡುಕ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ. ಜೇನಿನ ಬಾಟ್ಲಿ, ತೇಯ್ದ ಜಾಯಿಕಾಯಿ ಎರಡೂ ಚೀಲಕ್ಕೆ ಹಾಕ್ಕೊಳ್ಳಿ, ಏನು ಕೊಟ್ರಿ ಎಷ್ಟು ದಿನ ಕೊಟ್ರಿ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಅತ್ತೆ ಜೊತೆ ಜಗಳ ಈಗ ಬೇಡ.

ಕುರ್ಲಾ ಸೊಸೆ: ಹೊರಡ್ತಿದೀವಿ.

ವಿಜಯಪುರದ ಅಕ್ಕ, ಕಲ್ಯಾಣ: ಕೂಸು ಆರಾಮ ಆಗ್ಲಿ ಪಾಪ. ಆದ್ರೂ ಹಿಂದಿನವರು ಹುಚ್ಚರಾ? ಅಷ್ಟು ಮಂದಿ ಮಕ್ಕಳು ಹೆಂಗ್ ಬದುಕಿದ್ವು?

ಬೇಲಾಪುರ ನರ್ಸ್: ಅಕ್ಕಾ, ಬದುಕಿದವರು ಮಾತ್ರ ಇವತ್ತು ಗ್ರೂಪಲ್ಲಿ ಮೆಸೇಜ್ ಹಾಕೋಕಾಗೋದು.

ವಿಜಯಪುರದ ಅಕ್ಕ, ಕಲ್ಯಾಣ: ಹಿಂಗ ಮಾತಾಡೋದು ನಿಮಗ ಶೋಭಾ ಅಲ್ಲ ನೋಡ್ರಿ. ನಾ ನಿಮ್ಮವ್ವನ ವಯಸ್ಸಿನಾಕಿ.

ಠಾಣೆ ಮಾಮ: ಅಸಲಿಗೆ ಈ ಕೋಜಾಗಿರಿ ನಮ್ಮ ಹಬ್ಬ ಅಲ್ಲವೇ ಅಲ್ಲ. ಕನ್ನಡದವರಿಗೆ ಶೀಗಿ ಹುಣ್ಣಿಮೆ. ಇಲ್ಲಿಯವರನ್ನ ನೋಡಿ ಹಾಲು ಕುಡಿಯೋದು ಕಲ್ತಿದ್ದು.

ಮುಲುಂಡ್ ಅತ್ತಿಗೆ: ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ತಾರೆ ಮಾಮ, ಠಾಣೇಲಿ ನೀವು ಎಲ್ಲಿ ಚೆಲ್ತೀರಿ, ಪಾರ್ಕಿಂಗಲ್ಲಾ? ಇದ್ದ ಊರಲ್ಲಿ ಇದ್ದ ಹಾಗೆ ಹಾಲು ಕುಡಿದ್ರೆ ಏನು ಹೋಯ್ತು.

ಠಾಣೆ ಮಾಮ: ಸಂಸ್ಕೃತಿ ಅಂದ್ರೆ ನಿಮಗೆ ತಮಾಷೆ.

ವಾಕಡ್ ಐಟಿ ಹುಡುಗ: ಕೇಸರಿ ಅಸಲಿ ಯಾವುದು ನಕಲಿ ಯಾವುದು ಹೇಗೆ ಗೊತ್ತಾಗುತ್ತೆ? ಆನ್‌ಲೈನ್ ತರಿಸೋದಾ ದಾದರ್‌ಗೆ ಹೋಗೋದಾ?

ಡೊಂಬಿವ್ಲಿ ಪೂರ್ವ: ಡಾಕ್ಟ್ರೇ, ಶುಗರ್ ಇದ್ರೆ ಬೆಲ್ಲ ಓಕೆನಾ?

ಡಾಕ್ಟ್ರು: ಮೇಲೆ ಇದೆ.

ಚೆಂಬೂರ್ ಟೀಚರ್: ತಬೇಲಾ (ಎಮ್ಮೆ ಕೊಟ್ಟಿಗೆ) ಹಾಲು ಶಕ್ತಿ ಜಾಸ್ತಿ, ಹಸಿಯಾಗೇ ಅರಿಶಿನ ಹಾಕಿ ಕುಡೀಬೇಕು ಅಂತಾರಲ್ಲ? ಮತ್ತೆ ಥೈರಾಯ್ಡ್ ಮಾತ್ರೆನ ಅದೇ ಹಾಲಲ್ಲಿ ನುಂಗಬಹುದಾ?

ಡಾಕ್ಟ್ರು: ತಬೇಲಾ ಹಾಲು ಕುದಿಸದೆ ಕುಡೀಬೇಡಿ, ಅರಿಶಿನ ಕ್ರಿಮಿ ಕೊಲ್ಲಲ್ಲ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೇಲಿ ನೀರಲ್ಲಿ, ಹಾಲಿಗೂ ಅದಕ್ಕೂ 4 ಗಂಟೆ ಅಂತರ. ಕಬ್ಬಿಣದ ಮಾತ್ರೆನೂ ಹಾಲಲ್ಲಿ ಬೇಡ.

ಕೊಥ್ರೂಡ್ ಕಾಕಾ: ಕಾಕಂಬಿ, ತಾಟಿಬೆಲ್ಲ ಆದ್ರೆ? ಅದು ಕಪ್ಪಗಿರುತ್ತಲ್ಲ, ನ್ಯಾಚುರಲ್.

ಡಾಕ್ಟ್ರು: ಕಾಕಾ, ಬಣ್ಣ ಯಾವುದಾದ್ರೇನು, ಸಕ್ಕರೆ ಸಕ್ಕರೆಯೇ. ನಾಲ್ಕನೇ ಸಲ ಯಾರಾದ್ರೂ ಕೇಳಿದ್ರೆ ನಾನು ಎದ್ದು ಹೋಗ್ತೇನೆ ಮಾರಾಯ್ರೇ.

ವಿಜಯಪುರದ ಅಕ್ಕ, ಕಲ್ಯಾಣ: ಡಾಕ್ಟರ್ ಸಿಟ್ಟಿಗೆದ್ರ ಮಂದಿ ಕೇಳೋದು ಯಾರ್ನ? ಫಾರ್ವರ್ಡೇ ಓದಬೇಕಾಗ್ತದ.

ಡಾಕ್ಟ್ರು: ಅಕ್ಕಾವ್ರೇ, ದೊಡ್ಡವರ ಹಾಲಿಗೆ ನೀವು ಜಾಯಿಕಾಯಿ ಹಾಕಿ, ಬೇಡ ಅನ್ನಲ್ಲ. ಹಸುಗೂಸಿಗೆ ಮಾತ್ರ ಆ ಸಾಣೆಕಲ್ಲು ಒಳಗಿಡಿ. ಎಷ್ಟು ತೇಯ್ದ್ರಿ, ಎಷ್ಟು ಹೊಟ್ಟೆಗೆ ಹೋಯ್ತು ಅಂತ ತೇಯ್ದವರಿಗೇ ಗೊತ್ತಿರಲ್ಲ. ಬಜೆನೂ ಅಷ್ಟೇ. 6 ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೆ ಏನೂ ಬೇಡ, ಹಸುವಿನ ಹಾಲು ಕುಡಿಸೋದು ವರ್ಷ ತುಂಬಿದ ಮೇಲೆ.

ಬೇಲಾಪುರ ನರ್ಸ್: ಇದನ್ನ ಪಿನ್ ಮಾಡಿ ಅಡ್ಮಿನ್.

ಠಾಣೆ ಮಾಮ: ನನ್ನ ಶೀಗಿ ಹುಣ್ಣಿಮೆ ಮೆಸೇಜೂ ಪಿನ್ ಮಾಡಿ.

ಕುರ್ಲಾ ಸೊಸೆ: ಸಾಯನ್‌ನಲ್ಲಿದೀವಿ. ಅಡ್ಮಿಟ್ ಮಾಡ್ಕೊಂಡ್ರು, ಡ್ರಿಪ್ ಹಾಕಿದ್ದಾರೆ, ಉಸಿರು ಸರಿ ಇದೆ ಅಂದ್ರು, ರಾತ್ರಿ ಇಡೀ ನೋಡ್ತಾರಂತೆ. ಜೇನಿನ ಬಾಟ್ಲಿ ಕೇಳಿ ತಗೊಂಡ್ರು.

ಡಾಕ್ಟ್ರು: ಒಳ್ಳೇದಾಯ್ತು. ಬಾಯಿಗೆ ಏನು ಕೊಡೋದಾದ್ರೂ ಅಲ್ಲಿಯವರನ್ನ ಕೇಳಿ ಕೊಡಿ. ಬೆಳಗ್ಗೆ ನಂಗೆ ಪರ್ಸನಲ್ ಮೆಸೇಜ್ ಹಾಕಿ, ಇಲ್ಲಿ ಬೇಡ.

ವಾಕಡ್ ಐಟಿ ಹುಡುಗ: ಕೇಸರಿ??

ನೆರೂಲ್‌ನಿಂದ: ಸಾರಿ, ಒಂದೇ ಒಂದು. ಅಪ್ಪ ಕೇಳ್ತಿದ್ದಾರೆ, ನಾಡಿದ್ದು ಒಂದು ದಿನ ಎಲ್ಲರ ಜೊತೆ ಕುಡೀಬಹುದಾ ಅಂತ.

ಡಾಕ್ಟ್ರು: ಒಂದು ಲೋಟ ಕುಡೀಲಿ. ಅರಿಶಿನದ ಚಮಚ ನೀವು ಹಿಡ್ಕೊಳ್ಳಿ. ಐಎನ್‌ಆರ್ ಮರೀಬೇಡಿ. ನಾನು ಊಟಕ್ಕೆ ಎದ್ದೆ.